ಸೊಸೆ ಕೇಳದೆ ಹೋದ ಮಾತ್ರೆ

ಇಪ್ಪತ್ತೆಂಟು ವರ್ಷಗಳಿಂದ ಮನೆಯ ಮುಂಭಾಗದಲ್ಲೇ ಔಷಧಿ ಅಂಗಡಿ ನಡೆಸುತ್ತಿದ್ದ ಆಕೆಗೆ ಬೀದಿಯವರು ಚೀಟಿಯಮ್ಮ ಎಂದು ಹೆಸರಿಟ್ಟಿದ್ದರು. ಡಾಕ್ಟರ ಚೀಟಿ ಇಲ್ಲದೆ ಬಂದವರು ಎಷ್ಟು ಹಲ್ಲುಗಿಂಜಿದರೂ ಆಕೆ ಜಗ್ಗುತ್ತಿರಲಿಲ್ಲ. ಅದರಲ್ಲೂ ಗರ್ಭಪಾತದ ಮಾತ್ರೆ ಎಂದರೆ ಹುಬ್ಬು ಗಂಟಿಕ್ಕುತ್ತಿತ್ತು. ಅಂಗಡಿ ಹಾಕಿದ ಹೊಸತರಲ್ಲಿ, ಬೇರೆಲ್ಲೋ ಆ ಮಾತ್ರೆ ಕೊಂಡು ನುಂಗಿದ್ದ ಹುಡುಗಿಯೊಬ್ಬಳು ರಕ್ತ ನಿಲ್ಲದೆ ಆಕೆಯ ಮೆಟ್ಟಿಲ ಮೇಲೆ ಕುಸಿದಿದ್ದಳು. ಹುಡುಗಿ ಬದುಕಿಕೊಂಡಳು, ಆದರೆ ಆ ಬಿಳಿಚಿದ ಮುಖ ಚೀಟಿಯಮ್ಮನ ಕಣ್ಣಿಗೆ ಕಟ್ಟಿ ನಿಂತುಬಿಟ್ಟಿತು.

ಈಗ ಆ ಮಾತ್ರೆಯನ್ನು ಚೀಟಿ ಇಲ್ಲದೆ ಕೊಡಬಹುದೇ ಎಂಬ ಚರ್ಚೆ ಎದ್ದಿತ್ತು. ಔಷಧಿ ಅಂಗಡಿಯವರ ಸಂಘ ಸಭೆ ಕರೆದಿತ್ತು. ಕೊಡಕೂಡದು ಎಂದು ಮಾತಾಡಲು ಆಕೆ ಎರಡು ಪುಟ ಬರೆದು, ಅಡುಗೆಮನೆಯಲ್ಲಿ ನಿಂತು ಸೊಸೆಗೆ ಓದಿ ಹೇಳಿದಳು. ಹನ್ನೊಂದು ತಿಂಗಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ದೊಡ್ಡವಳಿಗೆ ಜಡೆ ಹಾಕುತ್ತಿದ್ದ ಸೊಸೆ, "ಚೆನ್ನಾಗಿದೆ ಅತ್ತೆ" ಎಂದಳಷ್ಟೆ.

ನಾಲ್ಕನೆಯ ದಿನ ಬೆಳಿಗ್ಗೆ, ಮರೆತ ಕನ್ನಡಕ ತರಲು ಒಳಗೆ ಬಂದಾಗ ಸೊಸೆ ಹಾಸಿಗೆಯಲ್ಲಿ ಮುದುಡಿ ಮಲಗಿದ್ದಳು. ಪಕ್ಕದಲ್ಲಿ ಖಾಲಿ ಮಾತ್ರೆ ಪಟ್ಟಿ. ಅದು ಯಾವುದೆಂದು ತಿಳಿಯಲು ಕನ್ನಡಕ ಬೇಕಾಗಲಿಲ್ಲ.

"ಎಷ್ಟು ವಾರ?"

"ಏಳು."

"ನನ್ನ ಮಗನಿಗೆ ಗೊತ್ತಾ?"

"ಇಬ್ರೂ ಸೇರಿ ತೀರ್ಮಾನ ಮಾಡಿದ್ದು. ಮೂರನೇದು ಈಗ ನನ್ನ ಕೈಲಾಗಲ್ಲ ಅತ್ತೆ. ಹೋದ ವಾರ ತಂಗಿ ಮನೆಗೆ ಅಂತ ಹೋಗಿದ್ದು ಆಸ್ಪತ್ರೆಗೇ. ಡಾಕ್ಟರು ರಜೆ, ಹದಿನೈದು ದಿನ ಬಿಟ್ಟು ಬನ್ನಿ ಅಂದ್ರು. ಆಮೇಲೆ ಇಂಥದ್ದಕ್ಕೆ ಅಂತಲೇ ಇರೋ ಸಹಾಯವಾಣಿಯವರನ್ನ ಕೇಳಿ ಅಂಚೇಲಿ ತರಿಸಿಕೊಂಡ್ವಿ."

"ಮುಂದುಗಡೆ ಅಂಗಡೀಲಿ ನಾನಿದ್ನಲ್ಲೇ."

ಸೊಸೆ ಹೊದಿಕೆ ಎಳೆದುಕೊಂಡಳು. ಅತ್ತೆಯೇ, "ಚೀಟಿ ಕೇಳ್ತಿದ್ದೆ" ಎಂದಳು.

"ಕೇಳ್ತಿದ್ರಿ. ಆಮೇಲೂ ಒಂದೇ ಮನೇಲಿ ಮುಖ ನೋಡ್ಕೊಂಡು ಇರ್ಬೇಕಲ್ಲ ಅತ್ತೆ."

ಮಾತು ಚುರುಕ್ಕೆಂದಿತು. ಆಕೆ ಹೊರಗೆ ಹೋಗಿ ಅಂಗಡಿಯ ಬಾಗಿಲೆಳೆದಳು. ದೊಡ್ಡವಳನ್ನು ಪಕ್ಕದ ಮನೆಗೆ ಬಿಟ್ಟು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಬಿಸಿನೀರಿನ ಚೀಲ ತಂದು ಸೊಸೆಯ ಕಿಬ್ಬೊಟ್ಟೆಗೆ ಇಟ್ಟಳು. ಸಹಾಯವಾಣಿಯವರು ಹೇಳಿದ್ದನ್ನೆಲ್ಲ ಸೊಸೆ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಳು: ಯಾವಾಗ ಏನು, ಎಷ್ಟು ರಕ್ತ ಹೋದರೆ ಹೆದರಬೇಕಿಲ್ಲ, ಎಷ್ಟಾದರೆ ಆಸ್ಪತ್ರೆಗೆ ಓಡಬೇಕು. ಅತ್ತೆ ತಪ್ಪು ಹುಡುಕಲೆಂದೇ ಎರಡು ಸಲ ಓದಿದಳು. ಒಂದೂ ಸಿಗಲಿಲ್ಲ.

ನೋವು ಏರಿದಾಗ ಸೊಸೆ ಅತ್ತೆಯ ಮಣಿಕಟ್ಟು ಹಿಡಿದಳು. ಅತ್ತೆ ಬೆನ್ನು ನೀವುತ್ತಾ ಮಗ ಚಿಕ್ಕವನಿದ್ದಾಗ ಕೆಮ್ಮಿನ ಔಷಧಿ ಬಾಟಲಿಗೆ ಕೈಹಾಕಿ ಸಿಕ್ಕಿಬಿದ್ದ ಕಥೆ ಹೇಳಿದಳು. ಸೊಸೆ ನಗುತ್ತಲೇ ಅತ್ತಳು.

"ಪಶ್ಚಾತ್ತಾಪ ಅಲ್ಲ ಅತ್ತೆ. ಸುಮ್ನೆ ಬರ್ತಿದೆ."

"ಬರ್ಲಿ ಬಿಡು. ಅದಕ್ಯಾಕೆ ಕಾರಣ ಕೊಡ್ತೀಯ."

ಸಂಜೆಗೆ ನೋವು ಇಳಿಯಿತು. ಸಹಾಯವಾಣಿಯಿಂದ ಹೆಣ್ಣುಮಗಳೊಬ್ಬಳು ವಿಚಾರಿಸಲು ಫೋನ್ ಮಾಡಿದಳು. ಅತ್ತೆ ಅವಳನ್ನೇ ಕಾಲು ಗಂಟೆ ಪ್ರಶ್ನೆ ಕೇಳಿ ಸುಸ್ತು ಮಾಡಿ, ಕೊನೆಗೆ ಮೆಲ್ಲಗೆ, "ಚೆನ್ನಾಗಿ ನೋಡ್ಕೊಂಡಿದೀಯಮ್ಮ" ಎಂದಳು.

ಸಭೆಯಲ್ಲಿ ಆಕೆ ಎರಡು ಪುಟಗಳನ್ನು ಚೀಲದಿಂದ ತೆಗೆಯಲೇ ಇಲ್ಲ. ಮನೆಯ ವಿಷಯ ಎತ್ತಲಿಲ್ಲ.

"ನನಗೆ ಇವತ್ತಿಗೂ ಹೆದರಿಕೆ ಇದೆ," ಎಂದಳು. "ನನ್ನ ಮೆಟ್ಟಿಲ ಮೇಲೆ ಬಿದ್ದ ಹುಡುಗಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ಮಾತ್ರೆ ಕೊಡೋಣ. ಆದರೆ ಕೊಡೋರು ಕೂರಿಸಿಕೊಂಡು ಹೇಳಬೇಕು, ಫೋನ್ ಬಂದರೆ ಎತ್ತಬೇಕು."

ಹಿಂದಿನ ಸಾಲಿನಿಂದ ಯಾರೋ, "ಚೀಟಿಯಮ್ಮನೇ ಹೀಗಂದ್ರೆ?" ಎಂದರು.

"ವಯಸ್ಸಾಯ್ತಲ್ಲಪ್ಪ, ಬುದ್ಧಿ ಈಗ ಬರ್ತಿದೆ."

ಸಭೆ ನಕ್ಕಿತು, ವಾದ ಮುಗಿಯಲಿಲ್ಲ, ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು. ಆಕೆ ಬಸ್ಸು ಹಿಡಿದು ಮನೆಗೆ ಬಂದಾಗ ಸೊಸೆ ಕೂಸನ್ನೆತ್ತಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಭಾಷಣ ಹೇಗಾಯ್ತು ಅತ್ತೆ?"

"ಬರೆದಿದ್ದು ಚೀಲದಲ್ಲೇ ಉಳೀತು. ಮಗು ಇಲ್ಲಿ ಕೊಡು, ನೀನು ಮೊದಲು ಊಟ ಮಾಡು."