ಹೊಲಿದ ಬಾಲ

"ಇವತ್ತ ಹೊಲಿಗಿ ಬಿಚ್ಚಿತಂದ್ರ ನಿನ್ನ ಕೈ ಮುರೀತೇನಿ ನೋಡು, ಹಲ್ಕಟ್ ರಂಡಿ! ಮಂದಿ ಮುಂದ ನನ್ನ ಮಾನ ಕಳದಿ."

ಗುರುರಾಜ ದೇಸಾಯಿ ಸೂಜಿಡಬ್ಬಿಯನ್ನು ಕಾಲಿನಿಂದ ಒದ್ದ. ಸೂಜಿಗಳು ಕೆರೆಯ ದಂಡೆಯ ಮಣ್ಣಿನಲ್ಲಿ ಚೆಲ್ಲಾಪಿಲ್ಲಿಯಾದವು. ಕುಲಸುಮಬಿ ತಲೆಯೆತ್ತಲಿಲ್ಲ, ಒಂದೊಂದೇ ಸೂಜಿ ಹೆಕ್ಕತೊಡಗಿದಳು. ಅವಳ ಮುಂದೆ ಚಾಪೆಯ ಮೇಲೆ ಮಗಳು ಶಾಕೀರಾ ಎರಡೂ ಕಾಲು ಜೋಡಿಸಿಕೊಂಡು ಮಲಗಿದ್ದಳು. ಕೆಳಗಿನಿಂದ ಮೊಣಕಾಲಿನವರೆಗೆ ಅವಳು ಆಗಲೇ ಮೀನಾಗಿದ್ದಳು. ಅಲ್ಲಿಂದ ಮೇಲೆ ಇನ್ನೂ ಹೆಂಗಸೇ.

ಉಳುವವನಿಗೇ ನೆಲ ಎಂದು ಕಾನೂನು ಬಂದ ಮೇಲೆ ದೇಸಾಯಿಯ ಗದ್ದೆಗಳಲ್ಲಿ ಅರ್ಧ ಕೈಬಿಟ್ಟು ಹೋಗಿದ್ದವು. ಸುಮ್ಮನೆ ಕೂರುವ ಜೀವವೇ ಅದು? ನೀರಿಗೆ ಇನ್ನೂ ಕಾನೂನು ಬಂದಿಲ್ಲವೆಂದು ತಿಳಿದುಕೊಂಡು, ತಿಳವಳ್ಳಿ ದಾರಿಯ ಕೆರೆಯನ್ನು ಗುತ್ತಿಗೆ ಹಿಡಿದು, ಅದರಲ್ಲೊಂದು ಹಡಗು ಬಿಟ್ಟ. ಎಂಬತ್ತೆರಡರ ಆ ಬೇಸಿಗೆಯಲ್ಲಿ ಹಾನಗಲ್ಲು, ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಎಲ್ಲಿ ಹೋದರೂ ಅದರದೇ ಮಾತು. ಹೆಸರು 'ಸಮುದ್ರಲೋಕ'. ಮುಂದೆ ಬಾಯಿ ತೆರೆದ ತಿಮಿಂಗಿಲ. ಅದರ ಹಲ್ಲುಗಳ ನಡುವೆ ಹಾದೇ ಒಳಗೆ ಹೋಗಬೇಕು. ಮಕ್ಕಳಿಗೆ ಜಾರುಬಂಡಿ, ಮೀನಿನ ಆಕಾರದ ಪೆಪ್ಪರಮಿಂಟು, ಹೊಟ್ಟಿನ ರಾಶಿಯಲ್ಲಿ ಕೈಯಾಡಿಸಿ ಗಾಜಿನ ಮುತ್ತು ಹುಡುಕುವ ಆಟ, ಕೊನೆಗೆ ತಳದ ಕೋಣೆಯಲ್ಲಿ ಜೀವಂತ ಮೀನಕನ್ಯೆ. ದೊಡ್ಡವರಿಗೆ ಮೇಲಿನ ಅಟ್ಟದಲ್ಲಿ ಗಾದಿ, ಲೋಡು, ಇಸ್ಪೀಟು, ಮಿರ್ಚಿ-ಮಂಡಕ್ಕಿ, ಹಾಡಿನ ತಟ್ಟೆ. ಪರದೆಯ ಹಿಂದೆ ಗಂಡಸರಿಗೆ ಮಾತ್ರ ಬಾಟಲಿ. ಬಿಳಿ ಟೊಪ್ಪಿಗೆ ಹಾಕಿದ ನಾಲ್ವರು ಅಂಬಿಗರು ಬಿದಿರಿನ ಗಳ ಊರಿ ಹಡಗು ನಡೆಸುತ್ತಿದ್ದರು. ನಿನ್ನೆ ಮೊನ್ನೆಯವರೆಗೆ ಅದೇ ಕೆರೆಯಲ್ಲಿ ಬಲೆ ಬೀಸಿ ಬದುಕಿದವರು. ಗಳವನ್ನು ನೆಟ್ಟಗೆ ಊರಬಾರದು, ಓರೆಯಾಗಿ ಮುಳುಗಿಸಬೇಕು ಎಂದು ದೇಸಾಯಿಯ ಅಪ್ಪಣೆಯಾಗಿತ್ತು. ನೀರು ಆಳವಿದ್ದಂತೆ ಕಾಣಬೇಕಲ್ಲ!

ಗಾದಿ ಹೊಲಿದವಳು ಕುಲಸುಮಬಿ. ಸವಣೂರಿನಿಂದ ಬಂದ ಕೌದಿಯ ಕೈ ಅದು. ಹೊಲಿಗೆ ಮುಗಿದರೂ ದೇಸಾಯಿ ತಾಯಿ-ಮಗಳನ್ನು ಬಿಡಲಿಲ್ಲ, ದಂಡೆಯ ಮೇಲೆ ಒಂದು ಗುಡಿಸಲು ಕೊಟ್ಟು, ತಾಯಿಯನ್ನು ಬಾಲ ಹೊಲಿಯಲು, ಮಗಳನ್ನು ಮೀನಕನ್ಯೆಯಾಗಲು ಇಟ್ಟುಕೊಂಡ. ಶಾಕೀರಾಳ ಗಂಡ ಹಯಾತ ಮುಂಬಯಿಯ ಬಂದರಿಗೆ ನಿಜವಾದ ಹಡಗಿನ ಕೆಲಸ ಹುಡುಕಿಕೊಂಡು ಹೋದವನು, ವರ್ಷವಾದರೂ ಒಂದು ಕಾಗದವಿಲ್ಲ. ಇಲ್ಲಿಂದ ಎದ್ದರೆ ತಲೆಯ ಮೇಲೆ ಸೂರಿಲ್ಲ.

ನಿನ್ನೆಯ ಎಡವಟ್ಟಿಗೆ ಕಾರಣ ಒಂದು ಚೂರು ರೊಟ್ಟಿ. ಕುಲಸುಮಬಿಯ ಮನೆತನದಲ್ಲಿ ಕೌದಿ ಹೊಲಿದರೆ ಒಂದು ಮೂಲೆಯೊಳಗೆ ರೊಟ್ಟಿಯ ಚೂರು ಇಟ್ಟೇ ಮುಚ್ಚುತ್ತಿದ್ದರು. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲವೆಂದು ಅವರ ನಂಬಿಕೆ. ಹುಟ್ಟುಗುಣ ಸುಟ್ಟರೂ ಹೋಗದು. ಮೀನಿನ ಬಾಲಕ್ಕೂ ಅವಳ ಕೈ ರೊಟ್ಟಿ ಇಟ್ಟುಬಿಟ್ಟಿತ್ತು. ತೊಟ್ಟಿಯ ನೀರಿನಲ್ಲಿ ಅದು ನೆನೆದು ಉಬ್ಬಿ, ಹೊಲಿಗೆ ಬಿಟ್ಟು, ಶಾಕೀರಾಳ ಬಿರಿದ ಹಿಮ್ಮಡಿ ಹೊರಗೆ ಬಂತು. "ಮೀನಿಗೆ ಹಿಮ್ಮಡಿ!" ಎಂದು ಒಬ್ಬ ವಕೀಲನ ಮಗ ಕೂಗಿದ. ಇಡೀ ಹಡಗು ಬಿದ್ದು ಬಿದ್ದು ನಕ್ಕಿತು.

ಅದಕ್ಕೇ ಇಂದು ಮೇಣ ತಿಕ್ಕಿದ ಹುರಿ, ಗೇಣಿಗೊಂದು ಇಮ್ಮಡಿ ಗಂಟು.

"ಧಣ್ಯಾರ," ಶಾಕೀರಾ ಮಲಗಿದಲ್ಲಿಂದಲೇ ಕೈ ಮುಗಿದಳು. "ಕೂಸಿಗೆ ಮೂರ ದಿನಾ ಆತ್ರಿ ಭೇದಿ. ನನ್ನ ಹಾಲು ಬಿಟ್ಟು ಮತ್ತೇನೂ ಮುಟ್ಟವಲ್ದು. ಒಂದೊಂದ ಸುತ್ತ ಆದ ಮ್ಯಾಲ ಬಿಚ್ಚಿದ್ರ ಕುಡಿಸಿ ಬರ್ತೇನ್ರಿ."

"ಇವತ್ತ ತಹಶೀಲ್ದಾರ ಸಾಹೇಬರ ಮಂದಿ ಬರ್ತಾರ. ಬಿಡಲಾರದ ಮೂರು ಸುತ್ತು." ದೇಸಾಯಿ ನಕ್ಕ. "ಮೀನು ಎಲ್ಲೆರ ಮೊಲಿ ಕುಡಸ್ತದೇನ? ಬಾಯಿ ಮುಚ್ಚಿ ನಕ್ಕೋತ ಕೂಡು. ಮಾತಾಡಿದಿ ಅಂದ್ರ ಗುಡಸಲಾ ಕಿತ್ತು ಒಗೀತೇನಿ."

ಅವನು ಹೋದ ಮೇಲೆ, ಹೊಲಿಗೆ ಸೊಂಟಕ್ಕೆ ಬಂದಾಗ, ಅವನ ಹೆಂಡತಿ ಯಮುನಾಬಾಯಿ ಗಂಟು ಪರೀಕ್ಷಿಸಲು ಬಂದಳು. ಕೈಯಿಂದ ಮುಟ್ಟಲಿಲ್ಲ, ಕೊಡೆಯ ತುದಿಯಿಂದ ಒಂದೊಂದೇ ಗಂಟು ಚುಚ್ಚಿ ನೋಡಿದಳು. ಎಡ ಸೊಂಟದ ಹತ್ತಿರ ಕೊಡೆ ನಿಂತಿತು.

"ಇಲ್ಲೇನದ, ಗಟ್ಟಿ ಹತ್ತಲಿಕತ್ತದ?"

"ಮಡಿಕಿರಿ, ಬಾಯಾರ. ಬಟ್ಟಿ ಭಾಳಾಗಿ ಮಡಿಕಿ ಬಂದೈತಿ," ಎಂದಳು ಕುಲಸುಮಬಿ. ಅವಳ ಕತ್ತಿನಲ್ಲಿ ಬೆವರು ಇಳಿಯುತ್ತಿತ್ತು. ಕೊಡೆ ಮುಂದಕ್ಕೆ ಹೋಯಿತು.

ಕೊನೆಯ ಹೊಲಿಗೆ ಹಾಕುವಾಗ ಅವಳು ಮಗಳ ಕಿವಿಯ ಹತ್ತಿರ ಬಾಗಿದಳು. "ಎಡಕ್ಕ ಸೊಂಟದಾಗ ರೊಟ್ಟಿ ಇಟ್ಟೇನವಾ, ಅಲ್ಲೆ ನೀರು ಹತ್ತೂದಿಲ್ಲ. ತಡಕೊಳ್ಳಾಕ ಆಗದಷ್ಟು ಹಸಿವಾದ್ರ ಅಷ್ಟ ಮುಟ್ಟು."

ಇಬ್ಬರು ಆಳುಗಳು ಶಾಕೀರಾಳನ್ನು ಜೋಳದ ಚೀಲದಂತೆ ಎತ್ತಿಕೊಂಡು ಹೋಗಿ ತಳದ ಕೋಣೆಯ ತಗಡಿನ ತೊಟ್ಟಿಯಲ್ಲಿ ಕೂರಿಸಿದರು. ನೀರು ತಾಗಿದ ಕೂಡಲೇ ಬಾಲ ಬಿಗಿಯಿತು. ತೊಡೆಗಳು ಒಂದಕ್ಕೊಂದು ಒತ್ತಿಕೊಂಡವು, ಕಾಲಬೆರಳು ಸೆಟೆದವು. ಉಚ್ಚೆ ಬಂದರೂ ಅದರೊಳಗೇ. ಮಕ್ಕಳು ಹತ್ತು ಹತ್ತು ಜನರಾಗಿ ಏಣಿ ಇಳಿದು ಬಂದು ಸುತ್ತ ನಿಂತು ನೋಡಿದರು. ಮೀನು ನಿಜವೋ ಸುಳ್ಳೋ ನೋಡಲು ಒಬ್ಬ ಪೆಪ್ಪರಮಿಂಟು ಎಸೆದ. ಅವಳು ನಕ್ಕಳು. ಹಡಗು ಸಾಗುವಾಗಲೆಲ್ಲ ಬೆನ್ನ ಕೆಳಗಿನ ಹಲಗೆ ಕೆಸರಿಗೆ ಉಜ್ಜುವ ಸದ್ದು ಕೇಳುತ್ತಿತ್ತು. ಮೇಲೆ ಗಾದಿಯ ಮೇಲೆ ಕೂತವರಿಗೆ ಆ ಸದ್ದಿನ ಗೊಡವೆಯಿರಲಿಲ್ಲ.

ಮೊದಲ ಸುತ್ತು ಮುಗಿದು ಹಡಗು ದಂಡೆಗೆ ಬಂದಾಗ ಹಲಗೆಯ ಸಂದಿಯಿಂದ ನಸೀರಾಳ ಅಳು ಕೇಳಿಸಿತು. ಎಂಟು ತಿಂಗಳ ಕೂಸು, ರಚ್ಚೆ ಹಿಡಿದು ಅಳುತ್ತಿತ್ತು. ಶಾಕೀರಾಳ ಎದೆ ತಾನಾಗಿ ಸುರಿಯತೊಡಗಿತು. ಮಿಂಚಿನ ಕುಪ್ಪಸ ತೊಯ್ದು ಮೈಗೆ ಅಂಟಿತು.

ಎರಡನೆಯ ಸುತ್ತಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದೆ ಬಂದು ನಿಂತಳು. "ಅವ್ವಾ, ಮೀನಿನ ಎದಿ ಸೋರಾಕತ್ತೈತಿ ನೋಡ!"

ಅವಳ ತಾಯಿ ನೋಡಿದಳು. ಹೆತ್ತವಳೇ ಅವಳೂ. ತಿಳಿಯದೆ ಏನು? ಆದರೂ ಮಗಳ ಕಣ್ಣು ಮುಚ್ಚಿ, "ಥೂ, ನಡೀ ಮ್ಯಾಲ," ಎಂದು ಏಣಿ ಹತ್ತಿಸಿಕೊಂಡು ಹೋದಳು. ಶಾಕೀರಾಳಿಗೆ ದೇಸಾಯಿಯ ಬೈಗುಳಕ್ಕಿಂತ ಇದೇ ಹೆಚ್ಚು ಉರಿಯಿತು.

ಹಡಗು ಮತ್ತೆ ದಂಡೆಗೆ ತಗುಲಿದಾಗ ಅಳು ಸಣ್ಣಗಾಗಿತ್ತು, ಬೆಕ್ಕಿನ ಮರಿಯ ದನಿಯಂತೆ. ಬಳಿಕ ಅದೂ ನಿಂತಿತು. ಅವ್ವ ಕೂಗಿದಳು: "ಶಾಕೀರಾ! ಕೂಸು ಕಣ್ಣ ತಗೀವಲ್ದು!" ಮರುಕ್ಷಣವೇ ದೇಸಾಯಿ ಹಾಡಿನ ದನಿ ಏರಿಸಿದ. ಹಡಗು ಮೂರನೆಯ ಸುತ್ತಿಗೆ ಹೊರಟಿತು.

"ನಿಲ್ಲಸ್ರೀ! ನಿಲ್ಲಸ್ರೋ ಯಪ್ಪಾ!"

ಮೀನಿನ ಕೂಗು ಯಾರಿಗೆ ಕೇಳಬೇಕು? ಮೇಲೆ ಸಾಹೇಬರ ಮಂದಿ ಹಾಡಿಗೆ ಚಪ್ಪಾಳೆ ತಟ್ಟುತ್ತಿದ್ದರು. ಅವಳು ಎಡ ಸೊಂಟದ ಮಡಿಕೆಗೆ ಕೈ ಹಾಕಿದಳು. ಒಣ ರೊಟ್ಟಿ ಸಿಕ್ಕಿತು, ಮುರಿದಳು. ಒಳಗೆ ಅವ್ವ ದಾರ ಕತ್ತರಿಸುವ ಅರ್ಧ ಬ್ಲೇಡು ಇತ್ತು.

ಮೇಣದ ಹುರಿ ಬೇಗ ತುಂಡಾಗಲಿಲ್ಲ. ಒಂದು ಗಂಟು ಹರಿಯುವಷ್ಟರಲ್ಲಿ ಬೆರಳೂ ಕೊಯ್ದುಕೊಂಡಿತು. ತೊಟ್ಟಿಯ ನೀರು ಕೆಂಪಾಯಿತು. ಏಣಿಯಲ್ಲಿ ಮಕ್ಕಳು ಬಾಯಿ ತೆರೆದು ನಿಂತರು. ಎರಡು ಜಡೆಯ ಹುಡುಗಿ ಎರಡನೆಯ ಸಲ ನೋಡಲು ತಾಯಿಯ ಕಣ್ಣು ತಪ್ಪಿಸಿ ಬಂದಿದ್ದಳು. ಅವಳೊಬ್ಬಳೇ ಹತ್ತಿರ ಬಂದಳು.

"ನಾ ಜಗ್ಗಲೇನು?"

"ಜಗ್ಗವಾ. ಜೋರ್ಲೆ ಜಗ್ಗು."

ಹುಡುಗಿ ಬಾಲದ ತುದಿ ಹಿಡಿದು ಹಿಂದಕ್ಕೆ ವಾಲಿದಳು. ಬಾಲ ಕಳಚಿ ಬಂತು. ತೊಯ್ದ ಪಾಯಿಜಾಮಾದೊಳಗೆ ಬಿಳಿಚಿಕೊಂಡ, ಹುರಿಯ ಗೆರೆ ಬಿದ್ದ ಎರಡು ಕಾಲು. ಶಾಕೀರಾ ಎದ್ದಳು, ಬಿದ್ದಳು, ಏಣಿ ಹಿಡಿದು ಮತ್ತೆ ಎದ್ದಳು.

ಮೇಲೆ ಅಟ್ಟದಲ್ಲಿ ದೇಸಾಯಿ ಎಲೆ ಹಂಚುತ್ತಿದ್ದ. ಒದ್ದೆ ಬಾಲ ಥಪ್ಪನೆ ಇಸ್ಪೀಟಿನ ನಡುವೆ ಬಿತ್ತು.

"ನಿಮ್ಮ ಮೀನ ತಗೋರಿ. ಹಡಗ ದಂಡಿಗೆ ಹೊಳ್ಳಸ್ರಿ."

"ಏ ಬೋಸುಡಿ! ಕೆಳಗ ಇಳೀ!" ದೇಸಾಯಿಯ ಮುಖ ಬಿರಿಯುವಷ್ಟು ಕೆಂಪಾಯಿತು. ಸಾಹೇಬರತ್ತ ತಿರುಗಿ ಹಲ್ಲು ಗಿಂಜಿದ, ಮತ್ತೆ ಇವಳತ್ತ ಗುಡುಗಿದ. "ನಡು ಕೆರಿ ಇದು. ಮೂರಾಳು ನೀರದ. ಹೊಳ್ಳಸೂದಿಲ್ಲ, ಏನ ಮಾಡ್ತಿ? ಹಾರ್ತಿಯೇನ? ಹಾರಿ ಸಾಯಿ!"

"ದಿನಾ ಕೆಳಗ ಕುಂತು ಕೇಳೇನ್ರಿ ನಾ. ನಿಮ್ಮ ಸಮುದ್ರ ಎಷ್ಟ ಆಳ ಐತಿ ಅನ್ನೂದು ನಿಮಗಿಂತಾ ನನಗ ಗೊತ್ತೈತಿ."

ಅವಳು ಅಂಚಿನ ಕಟಾಂಜನ ದಾಟಿ ಹಾರಿದಳು. ಹೆಂಗಸರು ಚೀರಿದರು. ಸಾಹೇಬರು ಎದ್ದು ನಿಂತರು. ಅಂಬಿಗರು ಗಳ ಎತ್ತಿ ಹಿಡಿದು ಹಾಗೇ ನಿಂತರು. ಅದರ ಅರ್ಧಕ್ಕೂ ಹಸಿ ಹತ್ತಿರಲಿಲ್ಲ.

ನೀರು ಅವಳ ಸೊಂಟದವರೆಗೆ ಬಂತು.

ಹಾಡಿನ ತಟ್ಟೆ ತನ್ನ ಪಾಡಿಗೆ ತಿರುಗುತ್ತಿತ್ತು. ಕೆಸರಿನಿಂದ ಒಂದೊಂದೇ ಹೆಜ್ಜೆ ಕಿತ್ತಿಡುತ್ತ ಅವಳು ದಂಡೆಯ ಕಡೆ ಹೊರಟಳು. ಜೋಮು ಹಿಡಿದ ಕಾಲು ಅವಳ ಮಾತು ಕೇಳುತ್ತಿರಲಿಲ್ಲ.

"ಮೀನು ನಡೀಯಾಕತ್ತೈತಿ!" ಎಂದು ಹಿಂದಿನಿಂದ ಆ ಹುಡುಗಿ ಕೂಗಿದಳು. "ಏ, ಮೀನು ನಡೀಯಾಕತ್ತೈತೋ!"

ದಂಡೆಯಿಂದ ಕುಲಸುಮಬಿ ಕೂಸನ್ನು ಎದೆಗವಚಿಕೊಂಡು ನೀರಿಗಿಳಿದು ಎದುರಿಗೆ ಬರುತ್ತಿದ್ದಳು. ಅಳು ಮಾತ್ರ ಕೇಳಿಸುತ್ತಿರಲಿಲ್ಲ. ಶಾಕೀರಾ ನಡೆಯುತ್ತಲೇ ಕುಪ್ಪಸದ ಗುಂಡಿ ಬಿಚ್ಚಿದಳು.