ಹನ್ನೊಂದು ಜನ

ನಾಸಿರ್ ಸತ್ತ ಅಪ್ಪನಿಗೆ ಸುತ್ತಿದ ಕಫನ್ ಬಟ್ಟೆಯ ಕೊನೆಯ ಗಂಟು ಬಿಗಿಯುತ್ತಿದ್ದಾಗ ಅಂಗಳದ ಮಾತು ಕಿಟಕಿಯಿಂದ ಒಳಗೆ ಬಂತು.

"ಸಾಹೇಬ್ರು ಮಿಲಿಟರೀಲಿದ್ರಾ ಚಂದ್ರಯ್ಯ?"

"ಇಲ್ಲ ಮಾರಾಯ. ಮಿಲಿಟರಿಯೋರಿಗೆ ಬುದ್ಧಿ ಹೇಳೋ ಆಫೀಸು, ಡೆಲ್ಲೀಲಿ. ಅದಕ್ಕೆ ಇವ್ರೇ ದೊಡ್ಡೋರು," ಎಂದರು ಎದುರು ಮನೆಯ ಚಂದ್ರಯ್ಯ.

"ಬಂದೂಕು ಹಿಡ್ದಿದ್ರಾ?"

"ಬರೀ ಪೆನ್ನು ಕಣೋ."

ಅಬ್ದುಲ್ ಸತ್ತಾರರ ಮೂವತ್ತೆರಡು ವರ್ಷದ ದುಡಿಮೆಯನ್ನು ಸಕಲೇಶಪುರ ಇದಕ್ಕಿಂತ ಚೆನ್ನಾಗಿ ಹೇಳಲಾರದು. ಹೆತ್ತೂರಿನ ತೋಟಗಳಿಂದ ಲಾರಿಯಲ್ಲಿ ಕಾಫಿ ಮೂಟೆ ಸಾಗಿಸುತ್ತಿದ್ದವರ ಮಗ ರಕ್ಷಣಾ ಅಧ್ಯಯನ ಸಂಸ್ಥೆಯೊಂದರ ನಿರ್ದೇಶಕರಾಗಿದ್ದರು. ಗಡಿಯ ಬಗ್ಗೆ ಅವರು ಬರೆದ ವರದಿಗಳನ್ನು ಮಂತ್ರಿಗಳು ಓದುತ್ತಿದ್ದರು. ಊರಿನವರು ಟಿ.ವಿ.ಯಲ್ಲಿ ಅವರನ್ನು ನೋಡಿ, ಟೈ ಚೆನ್ನಾಗಿದೆ ಎನ್ನುತ್ತಿದ್ದರು.

ಮಗಳು ಜಬೀನ್ ಬಾಗಿಲಿಗೆ ಬಂದು ಹೊರಗೆ ನೋಡಿದಳು. ಹಲಸಿನ ಮರದ ಕೆಳಗೆ ಹೆಗ್ಗದ್ದೆಯ ತಿಮ್ಮಯ್ಯ ಚಪ್ಪಲಿ ಬಿಟ್ಟು ನಿಂತಿದ್ದರು. ತಟ್ಟನೆ ಒಳಗೆ ತಿರುಗಿದಳು.

"ಭಾಯ್, ತಿಮ್ಮಯ್ಯ ಬಂದಿದ್ದಾರೆ."

* * *

ಹಿಂದಿನ ವರ್ಷ, ಕಾಫಿ ಹೂ ಬಿಟ್ಟ ವಾರ, ಸತ್ತಾರ್ ಮಗಳ ಕಾರಿನಲ್ಲಿ ಹೆಗ್ಗದ್ದೆಗೆ ಹೋಗಿದ್ದರು. ಅವರ ಕಾಯಿಲೆಗೆ ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ತಿಮ್ಮಯ್ಯನವರ ಸೈನಿಕ ಮಗ ಸಂಜಯ್ ಉತ್ತರದ ಗಡಿಯಲ್ಲಿ, ಹಿಮದ ನಡುವಿನ ಕಾವಲು ಠಾಣೆಯೊಂದರಲ್ಲಿ ಸತ್ತು ಆರು ವರ್ಷವಾಗಿತ್ತು. ಚಳಿಗಾಲದಲ್ಲೂ ಆ ಠಾಣೆಯನ್ನು ಬಿಡಕೂಡದು ಎಂದು ಬರೆದವರು ಸತ್ತಾರ್.

ತಪ್ಪೊಪ್ಪಿಕೊಳ್ಳಲು ಹೋದ ಮನುಷ್ಯ ಜಗಲಿಯ ಮೇಲೆ ನಕ್ಷೆ ಬಿಡಿಸಿ, ಠಾಣೆಯಿದ್ದ ದಿಬ್ಬ ಯಾಕೆ ಮುಖ್ಯ ಎಂದು ಮುಕ್ಕಾಲು ಗಂಟೆ ಪಾಠ ಮಾಡಿದರು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಕೊನೆಗೆ ವರದಿಯ ಒಂದು ಸಾಲನ್ನು ಕನ್ನಡದಲ್ಲಿ ಹೇಳಿದರು: "ಚಳಿಗಾಲವೊಂದಕ್ಕೆ ಹನ್ನೊಂದು ಜನರವರೆಗಿನ ನಷ್ಟವನ್ನು ತಾಳಿಕೊಳ್ಳಬಹುದು."

ತಿಮ್ಮಯ್ಯ ನಕ್ಷೆಯಿಂದ ತಲೆ ಎತ್ತಿದರು.

"ಆ ಹನ್ನೊಂದರಲ್ಲಿ ನನ್ ಮಗ ಎಷ್ಟನೇಯೋನು ಸಾಹೇಬ್ರೇ?"

"ವಿಚಾರಿಸಿ ಹೇಳ್ತೀನಿ."

ಹಿಂತಿರುಗುವಾಗ ಸತ್ತಾರ್ ಕಾರಿನಲ್ಲಿ ಅತ್ತರು. "ನನಗೆ ಗೊತ್ತಿತ್ತು ಜಬೀನ್. ಬಾಯೇ ಬರಲಿಲ್ಲ." ಎಷ್ಟನೆಯವನೆಂದು ಮಗಳಿಗೆ ಹೇಳಿದರು. ತಿಮ್ಮಯ್ಯನವರಿಗೆ ಕೊನೆಗೂ ಹೇಳಲಿಲ್ಲ.

* * *

ಜನಾಜಾ, ಅಂದರೆ ಶವದ ಮಂಚ, ಎತ್ತುವ ಮುನ್ನ ಮಗನಾದವನು ಸತ್ತವರ ಪರವಾಗಿ ಕ್ಷಮೆ ಕೇಳಬೇಕು. ನೆರೆದವರು 'ಮಾಫ್' ಎನ್ನಬೇಕು. ಎಲ್ಲರೂ ಅನ್ನುತ್ತಾರೆ, ಯೋಚನೆ ಮಾಡುವವರು ಕಡಿಮೆ.

ಹೊರಡುವ ಮೊದಲು, ಅವಳಿಂದ ಎಲ್ಲ ತಿಳಿದಿದ್ದ ನಾಸಿರ್ ತಂಗಿಯ ಕೈ ಹಿಡಿದ. "ತಿಮ್ಮಯ್ಯ ಕೇಳಿದರೆ ಮೂರನೆಯವನು ಅಂದುಬಿಡು. ಅಬ್ಬಾ ಮಾಫಿ ಇಲ್ಲದೆ ಮಣ್ಣಿಗೆ ಹೋಗಬಾರದು."

ಅಂಗಳದಲ್ಲಿ ಮಂಚದ ಪಕ್ಕ ನಿಂತು ಕೇಳಿದ: "ನಮ್ಮಪ್ಪ ಮಾತಲ್ಲಿ, ಕೆಲಸದಲ್ಲಿ ಯಾರಿಗಾದ್ರೂ ನೋವು ಮಾಡಿದ್ರೆ, ದಯವಿಟ್ಟು ಮಾಫ್ ಮಾಡಿಬಿಡಿ."

"ಮಾಫ್," ಎಂದರು ಎಲ್ಲರೂ. ಚಂದ್ರಯ್ಯನವರೂ ಅಂದರು.

"ನಂದೊಂದು ಮಾತು ಹಂಗೇ ಉಳ್ಕಂಡೈತೆ," ಎಂದರು ತಿಮ್ಮಯ್ಯ. "ಕೇಳಿದ್ದೆ. ಹೇಳ್ದಲೇ ಹೋಗ್ಬುಟ್ರು." ಜಬೀನ್ ನಿಂತಿದ್ದ ಬಾಗಿಲಿನ ಕಡೆ ತಿರುಗಿದರು. "ನಿಂಗೆ ಗೊತ್ತೈತಾ ತಾಯಿ?"

ಅಪ್ಪನೆಂದರೆ ಜಬೀನ್‌ಗೆ ಪ್ರಾಣ. ಈ ಕೆಲಸವನ್ನು ತನ್ನ ತಲೆಗೆ ಕಟ್ಟಿ ಹೋದರಲ್ಲ ಎಂಬ ಸಿಟ್ಟೂ ಅಷ್ಟೇ ಇತ್ತು. ಮೂರು ಎನ್ನಲೆಂದೇ ಬಾಯಿ ತೆರೆದಳು.

"ಹನ್ನೆರಡನೆಯವನು," ಎಂದಳು.

ತಿಮ್ಮಯ್ಯ ಎರಡು ಹೆಜ್ಜೆ ಮುಂದೆ ಬಂದರು. "ಹನ್ನೊಂದಲ್ವಾ ಬರ್ದಿದ್ದು?"

"ಹೌದು. ಅದರ ಮುಂದಿನ ವರ್ಷ ಅಬ್ಬಾ ವರದೀಲಿ ಅದನ್ನ ಹದಿನೈದು ಅಂತ ತಿದ್ದಿದ್ರು."

ನಾಸಿರ್ ಕಣ್ಣು ಮುಚ್ಚಿಕೊಂಡ. ಇನ್ನೊಮ್ಮೆ ಮಾಫಿ ಕೇಳು ಎಂದು ಮೌಲಾನಾ ಸನ್ನೆ ಮಾಡಿದರೂ ಅವನು ಕೇಳದೆ ಮಂಚಕ್ಕೆ ಕೈ ಹಾಕಿದ. ಮಧ್ಯಾಹ್ನದ ನಮಾಜಿಗೆ ಹೊತ್ತಾಗಿತ್ತು. ನಾಲ್ವರು ಮಂಚ ಎತ್ತಿದರು.

ತಿಮ್ಮಯ್ಯ ದಾರಿಯ ನಡುವೆಯೇ ನಿಂತಿದ್ದರು. ಅಡ್ಡ ಹಾಕಿದ್ದಲ್ಲ, ಸರಿಯಬೇಕೆಂಬುದು ಮರೆತಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಎಣಿಸುತ್ತ ಸಾಗಿ, ಕಿರುಬೆರಳಿನ ಕೊನೆಯ, ಹನ್ನೆರಡನೆಯ ಗೆಣ್ಣಿಗೆ ಬಂದು ನಿಂತಿತು. ಸರಿಯಿರಿ ಎಂದು ಯಾರೂ ಹೇಳಲಿಲ್ಲ. ಮಂಚ ಹೊತ್ತವರು ಭುಜ ಬದಲಿಸಿಕೊಂಡು ಕಾದರು.