ನಕ್ಷೆಗೆ ಕೊಟ್ಟ ತಲೆ

ನನ್ನ ತಲೆಬುರುಡೆ ಕೊರೆದು ಸಣ್ಣ ಸಣ್ಣ ತಂತಿಗಳನ್ನು ಇಳಿಸಿದ್ದು ಫಿಟ್ಸ್ ಎಲ್ಲಿಂದ ಹುಟ್ಟುತ್ತದೆಂದು ಹುಡುಕಲು. ತಂತಿ ಹೇಗೂ ಇದೆಯಲ್ಲ ಎಂದು ಡಾಕ್ಟರಮ್ಮ ತನ್ನ ಸಂಶೋಧನೆಗೂ ನನ್ನನ್ನು ಒಪ್ಪಿಸಿದಳು. ಮಿದುಳಿನ ಆಳಕ್ಕೆ ಚೂರು ಕರೆಂಟು ಕೊಡುವುದು, ಮೇಲಿನ ಪದರದಲ್ಲಿ ಅದು ಎಲ್ಲಿ ಮಿಡಿಯುತ್ತದೆಂದು ನೋಡುವುದು, ಎರಡಕ್ಕೂ ನಡುವೆ ಪರದೆಯ ಮೇಲೊಂದು ಗೆರೆ ಎಳೆಯುವುದು. ಹೀಗೆ ಗೆರೆ ಎಳೆದೆಳೆದು ಮನುಷ್ಯನ ತಲೆಯ ನಕ್ಷೆ ಮಾಡುತ್ತಾಳಂತೆ. ಆಸ್ಪತ್ರೆಯ ಕ್ಯಾಂಟೀನಿಗೆ ದಾರಿ ಕೇಳಿದರೆ ಎಡಕ್ಕೋ ಬಲಕ್ಕೋ ಎಂದು ತಡವರಿಸುವವಳು!

"ಪ್ರತಿ ಸಲ ಏನನ್ನಿಸ್ತು ಹೇಳಿ. ಒಂದೊಂದ್ಸಲ ಕರೆಂಟ್ ಕೊಟ್ಟೆ ಅಂತೀನಿ, ಕೊಟ್ಟಿರಲ್ಲ," ಎಂದಳು.

ಸುಳ್ಳು ಹಿಡಿಯುವುದನ್ನು ನನಗೆ ಹೇಳಿಕೊಡುತ್ತಾಳೆ. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ನನ್ನ ಕಸುಬು. ಸೊಂಟ ಮುರಿದಿದೆ ಎಂದು ಅಳುವವನ ಮುಂದೆ ಪೆನ್ನು ಬೀಳಿಸಿ, ಅವನು ಬಗ್ಗಿ ಎತ್ತಿಕೊಟ್ಟ ಕೂಡಲೇ ಫೈಲು ಮುಚ್ಚಿದವನು ನಾನು. ಪಕ್ಕದ ಮಂಚದ ಆಸಾಮಿಯೋ, ಕರೆಂಟು ಕೊಡಲಿ ಬಿಡಲಿ, "ಅಯ್ಯೋ, ಎದೆ ಝಲ್ಲಂತು" ಎಂದು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಇಂಥವರನ್ನು ನಂಬಿ ನಕ್ಷೆ.

ಎಲ್ಲರಿಗಿಂತ ದೊಡ್ಡ ಶನಿ ನನ್ನ ತಮ್ಮ. ಸೋಫಾ ಹೊಲಿಯುವವನು. ಮನೆಯವರೊಬ್ಬರು ಜೊತೆಗಿಲ್ಲದಿದ್ದರೆ, ಫಿಟ್ಸಿನ ಜಾಗ ಸಿಕ್ಕಮೇಲೆ ಅದನ್ನು ತೆಗೆಯುವ ಆಪರೇಷನ್ ಮಾಡುವುದಿಲ್ಲ ಎಂದು ಆಸ್ಪತ್ರೆಯವರು ಹಟ ಹಿಡಿದಿದ್ದರು. ಹೆಂಡತಿ ನನ್ನ ಬಾಯಿಗೆ ಬೇಸತ್ತು ಎಂದೋ ತವರು ಸೇರಿದ್ದಳು. ಕರೆಯದೆ ಬಂದವನು ಇವನೊಬ್ಬನೇ. ಆ ಬೆಳಿಗ್ಗೆ ಅವನಿಗೂ, "ನಿನ್ ಮುಖ ನೋಡಿದ್ರೇ ಫಿಟ್ಸ್ ಬರತ್ತೆ, ತೊಲಗು," ಎಂದಿದ್ದೆ. ಅವನು ಹೋದರೆ ಆಪರೇಷನ್ ನಿಂತು ಈ ಕಾಯಿಲೆಯೇ ನನಗೆ ಗತಿ ಎಂದು ಗೊತ್ತಿತ್ತು. ಎಲುಬಿಲ್ಲದ ನಾಲಿಗೆ, ಅಂದುಬಿಟ್ಟಿತು.

"ಮಧ್ಯಾಹ್ನದ ಬಸ್ಸಿಗೆ ಹೋಗ್ತೀನಣ್ಣ," ಎಂದು ಚೀಲ ಕಟ್ಟಿಟ್ಟ. ಹೋಗುವ ಮುಂಚೆ ನನಗೆಂದು ಕಿತ್ತಳೆ ಸುಲಿಯುತ್ತ ಕೂತ.

"ಕೊಟ್ಟೆ," ಎಂದಳು ಡಾಕ್ಟರಮ್ಮ. ಏನೂ ಇಲ್ಲ ಎಂದೆ.

"ಕೊಟ್ಟೆ." ಏನೂ ಇಲ್ಲ.

ತಮ್ಮ ಸೂಜಿ ಹಿಡಿದೂ ಹಿಡಿದೂ ಜಡ್ಡುಗಟ್ಟಿದ ಬೆರಳಿನಿಂದ ಒಂದೊಂದು ತೊಳೆಯ ಬೀಜವನ್ನೂ ತೆಗೆಯುತ್ತಿದ್ದ.

"ಕೊಟ್ಟೆ."

ಕಣ್ಣಿನಿಂದ ನೀರು ದಳದಳ ಇಳಿಯಿತು. "ಹೋಗ್ಬೇಡ ಕಣೋ, ನಂಗೆ ಭಯ ಆಗ್ತಿದೆ," ಎಂದುಬಿಟ್ಟೆ.

ತಮ್ಮ ದಡಕ್ಕನೆ ಎದ್ದ. ಅವನ ಮುಖದಲ್ಲಿ ಸಂತೋಷ ಕಂಡು ನನ್ನ ಮೈಯೆಲ್ಲ ಉರಿಯಿತು. "ಏನೋ ನೋಡ್ತೀಯ? ಅಂದಿದ್ದು ನಾನಲ್ಲ, ಕರೆಂಟು!"

"ಸರಿ ಅಣ್ಣ," ಎಂದು ಅವನು ಚೀಲ ಹೆಗಲಿಗೇರಿಸಿದ.

ಡಾಕ್ಟರಮ್ಮ ಪರದೆಯಿಂದ ತಲೆಯೆತ್ತಿದಳು. ಎದುರಿಗಿರುವವನ ಮಾನ ಮರ್ಯಾದೆಯ ಪರಿವೆ ಅವಳಿಗೆಲ್ಲಿ? "ಈ ಸಲ ಕರೆಂಟ್ ಕೊಟ್ಟಿರ್ಲಿಲ್ಲ," ಎಂದಳು.

"ನಿಮ್ಮ ಮೆಷಿನ್ನೇ ಕೆಟ್ಟಿದೆ!" ಎಂದು ಕಿರುಚಿದೆ.

ಬಾಗಿಲಲ್ಲಿದ್ದ ತಮ್ಮ ಪರದೆ ನೋಡಿದ, ನನ್ನನ್ನು ನೋಡಿದ. ಹುಟ್ಟಿದಾಗಿನಿಂದ ಒಂದು ಸುಳ್ಳನ್ನೂ ನೆಟ್ಟಗೆ ಹೇಳಲು ಬಾರದ ಮುಠ್ಠಾಳ. "ಕೆಟ್ಟಿರ್ಬೇಕು ಬಿಡಿ, ಡಾಕ್ಟ್ರೇ," ಎಂದ. ಚೀಲವನ್ನು ಮಂಚದ ಕೆಳಗೆ ತಳ್ಳಿ, ಬಂದು ನನ್ನ ಪಕ್ಕ ಕೂತ.

ಮುಖ ತಿರುಗಿಸಿಕೊಳ್ಳೋಣವೆಂದರೆ ತಲೆಯನ್ನು ತಂತಿಗಳು ಹಿಡಿದಿದ್ದವು. ಅವನ ಎದುರಿಗೇ ಅತ್ತೆ.